ಸೋಡಿಯಂ ಪುಕ್ಕಟೆ ಏನೂ ಕೊಡುವುದಿಲ್ಲ

ಹುಬ್ಬಳ್ಳಿಯಲ್ಲಿ ಸಂಜೆ ಹೊತ್ತು ಹತ್ತನೆಯ ತರಗತಿಯ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಅಂದು ಅಯಾನಿಕ ಬಂಧದ ಪಾಠ. ಸೋಡಿಯಂ ತನ್ನ ಹೊರಕವಚದ ಒಂದು ಎಲೆಕ್ಟ್ರಾನನ್ನು ಕ್ಲೋರಿನ್‌ಗೆ ಕೊಡುತ್ತದೆ, ಎರಡಕ್ಕೂ ಎಂಟು ತುಂಬುತ್ತದೆ, ಉಪ್ಪು ಆಗುತ್ತದೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದಿದ್ದೆ. ದುರ್ಗದಬೈಲ್ ಕಡೆ ಕಿರಾಣಿ ಅಂಗಡಿ ಇಟ್ಟವರ ಮಗಳು ಎದ್ದು ನಿಂತು ಕೇಳಿದಳು: "ಸರ್, ಎಲೆಕ್ಟ್ರಾನ್ ಕೊಟ್ರ ಸೋಡಿಯಮ್‌ಗೆ ಏನ್ ಸಿಗತೈತ್ರಿ? ನಮ್ಮಪ್ಪ ಅಂಗಡ್ಯಾಗ ಪುಕ್ಕಟ ಏನೂ ಕೊಡಂಗಿಲ್ರಿ."

ಎಂಟು ಎಲೆಕ್ಟ್ರಾನ್ ಆದರೆ ಅದಕ್ಕೆ ಸ್ಥಿರತೆ ಬರುತ್ತದೆ ಎಂದು ನಾನು ಹೇಳಬಹುದಿತ್ತು. ಪುಸ್ತಕದಲ್ಲಿ ಹಾಗೇ ಇದೆ. ಆದರೆ ಅದು ಅವಳ ಪ್ರಶ್ನೆಗೆ ಉತ್ತರವಲ್ಲ. ಅಷ್ಟಕ ನಿಯಮ ಫಲವನ್ನು ಹೇಳುತ್ತದೆ, ಕಾರಣವನ್ನು ಹೇಳುವುದಿಲ್ಲ. ಪರಮಾಣುವಿಗೆ ಎಂಟು ಬೇಕು ಎಂಬ ಆಸೆಯೂ ಇಲ್ಲ, ಕೊಡುವ ಧಾರಾಳತನವೂ ಇಲ್ಲ. ಹೀಗಾಗಿ ಬೋರ್ಡು ಒರೆಸಿ, ನಡುವೆ ಒಂದು ಗೆರೆ ಎಳೆದು, ಒಂದು ಕಡೆ ಜಮಾ, ಇನ್ನೊಂದು ಕಡೆ ಖರ್ಚು ಎಂದು ಬರೆದೆ.

ಲೆಕ್ಕವನ್ನು 23 ಗ್ರಾಂ ಸೋಡಿಯಂ ಮತ್ತು 35.5 ಗ್ರಾಂ ಕ್ಲೋರಿನ್‌ಗೆ ಹಿಡಿಯೋಣ. ಎರಡರಲ್ಲೂ ಪರಮಾಣುಗಳ ಎಣಿಕೆ ಒಂದೇ. ರಸಾಯನ ವಿಜ್ಞಾನದಲ್ಲಿ ಈ ಎಣಿಕೆಗೆ ಒಂದು ಮೋಲ್ ಅನ್ನುತ್ತಾರೆ. ಕೂಡಿದರೆ 58.5 ಗ್ರಾಂ ಉಪ್ಪು, ಒಂದು ಮುಷ್ಟಿಯಷ್ಟು.

ಮೊದಲು ಖರ್ಚು. ಗಟ್ಟಿ ಸೋಡಿಯಂ ಲೋಹದಿಂದ ಪರಮಾಣುಗಳನ್ನು ಬಿಡಿಬಿಡಿಯಾಗಿ ಕೀಳಲು ಸುಮಾರು 107 ಕಿಲೋಜೂಲ್ ಶಕ್ತಿ ಬೇಕು. ಕ್ಲೋರಿನ್ ಅನಿಲದಲ್ಲಿ ಪರಮಾಣುಗಳು ಎರಡೆರಡಾಗಿ ಅಂಟಿಕೊಂಡಿರುತ್ತವೆ. ಅವನ್ನು ಬಿಡಿಸಲು ಸುಮಾರು 121. ಇನ್ನು ಸೋಡಿಯಮ್‌ನ ಎಲೆಕ್ಟ್ರಾನ್ ಕಿತ್ತುಕೊಳ್ಳಲು 496. ಸೋಡಿಯಂ ಎಲೆಕ್ಟ್ರಾನನ್ನು ಕೊಡುವುದಿಲ್ಲ, ನಾವು ಶಕ್ತಿ ತೆತ್ತು ಕಿತ್ತುಕೊಳ್ಳಬೇಕು! ಒಟ್ಟು ಖರ್ಚು 724. ಜಮಾ ಕಡೆ, ಕ್ಲೋರಿನ್ ಆ ಎಲೆಕ್ಟ್ರಾನನ್ನು ತೆಗೆದುಕೊಂಡಾಗ ಬಿಟ್ಟುಕೊಡುವ ಶಕ್ತಿ 349. ಅಲ್ಲಿಗೆ 375 ಕಿಲೋಜೂಲ್ ಲುಕ್ಸಾನು. ಕೊಟ್ಟು-ತೆಗೆದುಕೊಳ್ಳುವ ಕಥೆ ಇಲ್ಲಿಗೇ ಮುಗಿದಿದ್ದರೆ ಜಗತ್ತಿನಲ್ಲಿ ಉಪ್ಪೇ ಇರುತ್ತಿರಲಿಲ್ಲ.

ಲುಕ್ಸಾನು ತುಂಬಿಕೊಡುವುದು ಆಮೇಲೆ ನಡೆಯುವ ಸಂಗತಿ. ಎಲೆಕ್ಟ್ರಾನ್ ಕಳೆದುಕೊಂಡ ಸೋಡಿಯಂ ಈಗ ಧನ ಅಯಾನು, ಅಂದರೆ ಧನ ಆವೇಶ ಹೊತ್ತ ಕಣ; ಪಡೆದ ಕ್ಲೋರಿನ್ ಋಣ ಅಯಾನು, ಅದಕ್ಕೆ ಕ್ಲೋರೈಡ್ ಎಂದು ಹೆಸರು. ಧನ-ಋಣಗಳು ಒಂದನ್ನೊಂದು ಸೆಳೆಯುತ್ತವೆ. ಹಾಗೆ ಸೆಳೆಯುವಾಗ ಒಂದಕ್ಕೆ ಒಂದು ಜೋಡಿ ಎಂಬ ಲೆಕ್ಕ ಇಲ್ಲ. ಪ್ರತಿ ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್: ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ, ಹಿಂದೆ, ಮುಂದೆ. ಪ್ರತಿ ಕ್ಲೋರೈಡಿನ ಸುತ್ತ ಆರು ಸೋಡಿಯಂ. ಹೀಗೆ ಸಾಲು ಸಾಲಾಗಿ ಕಟ್ಟಿಕೊಂಡ ಹರಳಿನ ಜಾಲ ಬಿಡುಗಡೆ ಮಾಡುವ ಶಕ್ತಿ 787 ಕಿಲೋಜೂಲ್. ಈಗ ಗೆರೆ ಎಳೆದು ಕೂಡಿಸಿ ಕಳೆಯಿರಿ: 412 ಲಾಭ. ಪ್ರಯೋಗದಲ್ಲಿ ಅಳೆದದ್ದು 411. ಒಂದು ಮುಷ್ಟಿ ಉಪ್ಪು ಹುಟ್ಟುವಾಗ ಬರುವ ಆ ಕಾವಿಗೆ ಒಂದೂಕಾಲು ಲೀಟರ್ ನೀರು ಕುದಿಯುತ್ತದೆ.

ಹುಡುಗಿಗೆ ಉತ್ತರ ಸಿಕ್ಕಿತು. ಲಾಭ ಸೋಡಿಯಮ್‌ಗೂ ಅಲ್ಲ, ಕ್ಲೋರಿನ್‌ಗೂ ಅಲ್ಲ. ಎಲ್ಲವೂ ಕೂಡಿ ಕಟ್ಟಿದ ಹರಳಿಗೆ. ಉಪ್ಪಿನಲ್ಲಿ ಒಂದು ಸೋಡಿಯಂ, ಒಂದು ಕ್ಲೋರಿನ್ ಸೇರಿದ ಪ್ರತ್ಯೇಕ ಅಣು ಎಂಬುದೇ ಇಲ್ಲ. 1913ರಲ್ಲಿ ಬ್ರ್ಯಾಗ್ ತಂದೆ-ಮಗ ಎಕ್ಸ್-ಕಿರಣ ಹಾಯಿಸಿ ಇದನ್ನು ಕಂಡುಕೊಂಡಾಗ ಹಳೆಯ ತಲೆಮಾರಿನ ಕೆಲವರಿಗೆ ಅರಗಲಿಲ್ಲ. ಹೆನ್ರಿ ಆರ್ಮ್‌ಸ್ಟ್ರಾಂಗ್ ಎಂಬ ಹಿರಿಯ ರಸಾಯನ ವಿಜ್ಞಾನಿ 1927ರಷ್ಟು ತಡವಾಗಿಯೂ, ಪಾಪದ ಉಪ್ಪಿಗೆ ಇದೆಂಥ ಗತಿ ಬಂತು ಎಂಬರ್ಥದಲ್ಲಿ ನೇಚರ್ ಪತ್ರಿಕೆಗೆ ಸಿಟ್ಟಿನ ಪತ್ರ ಬರೆದರು. ಅಣು ಎಂದರೆ ಜೋಡಿ ಎಂದೇ ಜೀವಮಾನವೆಲ್ಲ ನಂಬಿದವರಿಗೆ ಅಷ್ಟು ಕಷ್ಟವಾಗಿದ್ದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ಎಂಟರ ಲೆಕ್ಕ ಎಲ್ಲಿಂದ ಬಂತು? ಸೋಡಿಯಂ ಎರಡನೆಯ ಎಲೆಕ್ಟ್ರಾನನ್ನೂ ಏಕೆ ಬಿಡುವುದಿಲ್ಲ ಎಂದು ಕೇಳಿ ನೋಡಿ. ಅದಕ್ಕೂ ಜಮಾ-ಖರ್ಚೇ ಉತ್ತರ. ಸೋಡಿಯಮ್‌ನಲ್ಲಿ 11 ಪ್ರೋಟಾನ್‌ಗಳಿವೆ. ಹೊರಗಿನ ಒಂಟಿ ಎಲೆಕ್ಟ್ರಾನಿಗೂ ಕೇಂದ್ರಕ್ಕೂ ನಡುವೆ ಹತ್ತು ಎಲೆಕ್ಟ್ರಾನ್‌ಗಳು ಅಡ್ಡ ನಿಂತಿರುವುದರಿಂದ ಅದರ ಮೇಲಿನ ಸೆಳೆತ ಸಡಿಲು. ಎರಡನೆಯದು ಹಾಗಲ್ಲ, ಒಳಮನೆಯಲ್ಲಿ, ಕೇಂದ್ರದ ಹತ್ತಿರ ಇರುವಂಥದ್ದು. ಅದನ್ನು ಕೀಳಲು 4,562 ಕಿಲೋಜೂಲ್ ಬೇಕು. ಯಾವ ಹರಳು ಕಟ್ಟಿದರೂ ಅಷ್ಟು ವಸೂಲಾಗುವುದಿಲ್ಲ. ಕ್ಯಾಲ್ಸಿಯಂ ಆದರೆ ಎರಡು ಎಲೆಕ್ಟ್ರಾನ್ ಬಿಡುತ್ತದೆ. ಅದರ ಹೊರಕವಚದಲ್ಲಿ ಸಡಿಲವಾದವು ಎರಡಿವೆ, ಜೊತೆಗೆ ಎರಡರಷ್ಟು ಧನ ಆವೇಶದ ಅಯಾನು ಕಟ್ಟುವ ಹರಳು ಬಹಳ ಬಿಗಿ. ಉಪ್ಪು 801 ಡಿಗ್ರಿಗೆ ಕರಗಿದರೆ, ಕ್ಯಾಲ್ಸಿಯಂ ಮತ್ತು ಆಮ್ಲಜನಕದ ಹರಳಾದ ಸುಟ್ಟ ಸುಣ್ಣ ಕರಗಬೇಕಾದರೆ ಕಾವು 2,500 ಡಿಗ್ರಿ ದಾಟಬೇಕು.

ಇನ್ನು ಸಕ್ಕರೆ. ಬಾಣಲೆಯಲ್ಲಿ ಒಂದು ಚಮಚ ಉಪ್ಪು, ಇನ್ನೊಂದರಲ್ಲಿ ಒಂದು ಚಮಚ ಸಕ್ಕರೆ ಹಾಕಿ ಒಲೆಯ ಮೇಲಿಡಿ. ಉಪ್ಪು ಚಟಪಟ ಎನ್ನಬಹುದು, ಆದರೆ ಕರಗುವುದಿಲ್ಲ. ಸಕ್ಕರೆ ಸುಮಾರು 186 ಡಿಗ್ರಿಯ ಹೊತ್ತಿಗೆ ಕರಗಿ, ಕೆಂಪಾಗಿ, ಕಡೆಗೆ ಕರಕಲಾಗುತ್ತದೆ. ಎರಡೂ ಬಿಳಿ ಹರಳು, ಎರಡೂ ನೀರಿನಲ್ಲಿ ಕರಗುತ್ತವೆ. ಆದರೆ ಉಪ್ಪುನೀರಿನಲ್ಲಿ ಬ್ಯಾಟರಿಯ ಎರಡು ತಂತಿ ಅದ್ದಿದರೆ ವಿದ್ಯುತ್ ಹರಿಯುತ್ತದೆ, ಸಕ್ಕರೆ ನೀರಿನಲ್ಲಿ ಇಲ್ಲ. ಸಕ್ಕರೆಯಲ್ಲಿ ಅಯಾನುಗಳಿಲ್ಲ. ಅಲ್ಲಿರುವುದು ಇಂಗಾಲ, ಹೈಡ್ರೋಜನ್, ಆಮ್ಲಜನಕ. ಇವುಗಳಲ್ಲಿ ಯಾವುದೂ ಇನ್ನೊಂದರ ಎಲೆಕ್ಟ್ರಾನನ್ನು ಪೂರ್ತಿ ಕಿತ್ತುಕೊಳ್ಳುವಷ್ಟು ಗಟ್ಟಿಯಲ್ಲ, ತನ್ನದನ್ನು ಪೂರ್ತಿ ಬಿಡುವಷ್ಟು ಸಡಿಲೂ ಅಲ್ಲ.

ನಮ್ಮ ಹಳ್ಳಿಗಳಲ್ಲಿ ಒಂದೊಂದೇ ಎತ್ತು ಇರುವ ಇಬ್ಬರು ರೈತರು ಎತ್ತುಗಳನ್ನು ಕೂಡಿಸಿ ಜೋಡಿ ಹೂಡುತ್ತಾರೆ. ಇವನ ಹೊಲವೂ ಆಯಿತು, ಅವನ ಹೊಲವೂ ಆಯಿತು. ಸಹವೇಲೆನ್ಸಿಯ ಬಂಧ ಹೆಚ್ಚು ಕಡಿಮೆ ಇದೇ. ಪ್ರತಿ ಪರಮಾಣು ಒಂದು ಎಲೆಕ್ಟ್ರಾನ್ ಹಾಕುತ್ತದೆ, ಜೋಡಿ ಇಬ್ಬರಿಗೂ ಸೇರುತ್ತದೆ. ಈ ಜೋಡಿಯ ಕಲ್ಪನೆಯನ್ನು 1916ರಲ್ಲಿ ಮುಂದಿಟ್ಟವರು ಅಮೆರಿಕದ ಗಿಲ್ಬರ್ಟ್ ಲೂಯಿಸ್. ಆದರೆ ಹೋಲಿಕೆಯನ್ನು ತೀರ ಜಗ್ಗಬಾರದು. ಎತ್ತಿನ ಜೋಡಿ ಇಂದು ಇಲ್ಲಿ, ನಾಳೆ ಅಲ್ಲಿ. ಎಲೆಕ್ಟ್ರಾನ್ ಜೋಡಿ ಎರಡೂ ಕಡೆ ಒಮ್ಮೆಗೇ ಹರಡಿಕೊಂಡಿರುತ್ತದೆ, ಎರಡು ಬೀಜಕೇಂದ್ರಗಳ ನಡುವೆ ಹೆಚ್ಚು ದಟ್ಟವಾಗಿ. ಕೇಂದ್ರಗಳು ಧನ, ನಡುವಿನ ಮೋಡ ಋಣ. ಎರಡೂ ಕೇಂದ್ರಗಳು ಅದೇ ಮೋಡವನ್ನು ಸೆಳೆಯುತ್ತ ಪರಸ್ಪರ ಹತ್ತಿರ ನಿಲ್ಲುತ್ತವೆ. ತೀರ ಹತ್ತಿರ ಬಂದರೆ ಧನಕ್ಕೂ ಧನಕ್ಕೂ ಆಗಿಬರುವುದಿಲ್ಲ, ದೂಡುತ್ತವೆ. ಸೆಳೆತ ಮತ್ತು ದೂಡಿಕೆ ಸಮವಾಗುವ ದೂರವೇ ಬಂಧದ ಉದ್ದ. ಎರಡು ಹೈಡ್ರೋಜನ್‌ಗಳ ನಡುವೆ ಅದು 74 ಪೈಕೊಮೀಟರ್, ಅಂದರೆ ಒಂದು ಮಿಲಿಮೀಟರಿನ ನೂರು ಕೋಟಿಯ ಪಾಲಿನಲ್ಲಿ 74. ಆ ಬಂಧ ಕಟ್ಟಿಕೊಂಡಾಗ ಜಮಾ ಆಗುವುದು ಒಂದು ಮೋಲ್‌ಗೆ 436 ಕಿಲೋಜೂಲ್. ಈ ಲೆಕ್ಕವನ್ನು ಕ್ವಾಂಟಮ್ ಸಿದ್ಧಾಂತದಿಂದ 1927ರಲ್ಲಿ ಮೊದಲು ಬಿಡಿಸಿದವರು ಹೈಟ್ಲರ್ ಮತ್ತು ಲಂಡನ್ ಎಂಬ ಇಬ್ಬರು ತರುಣರು.

ಸಕ್ಕರೆ ಅಣುವಿನೊಳಗಿನ ಬಂಧಗಳು ಇಂಥ ಗಟ್ಟಿ ಬಂಧಗಳೇ. ಆದರೆ ಒಂದು ಅಣುವಿಗೂ ಪಕ್ಕದ ಅಣುವಿಗೂ ನಡುವೆ ಇರುವ ಹಿಡಿತ ಸಡಿಲು. ಹೀಗಾಗಿ ಸ್ವಲ್ಪ ಕಾವಿಗೇ ಅಣುಗಳು ಬೇರೆಯಾಗುತ್ತವೆ, ಕಾವು ಇನ್ನೂ ಏರಿದರೆ ಒಳಗಿನ ಬಂಧಗಳೂ ಮುರಿದು ಹೊಸ ಅಣುಗಳು ಹುಟ್ಟುತ್ತವೆ. ಧಾರವಾಡ ಪೇಡೆಯ ಕಂದು ಬಣ್ಣ, ಆ ಘಮ ಎಲ್ಲ ಅದೇ. ಖೋವಾ ಹುರಿಯುವಾಗ ಹಾಲಿನ ಪ್ರೋಟೀನು ಮತ್ತು ಸಕ್ಕರೆಗಳ ಹಳೆಯ ಬಂಧಗಳು ಬಿಚ್ಚಿ ಹೊಸದಾಗಿ ಕಟ್ಟಿಕೊಳ್ಳುತ್ತವೆ.

ಒಂದು ಜೋಡಿಯ ಬದಲು ಎರಡು, ಮೂರು ಜೋಡಿ ಹಂಚಿಕೊಳ್ಳುವುದೂ ಉಂಟು. ಗಾಳಿಯ ಸಾರಜನಕದಲ್ಲಿ ಮೂರು ಜೋಡಿಗಳಿವೆ. ಬಿಡಿಸಲು 945 ಕಿಲೋಜೂಲ್ ಬೇಕು. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದ್ದರೂ ಬೆಳೆ ಅದನ್ನು ನೇರವಾಗಿ ಉಣ್ಣಲಾರದು. ಯೂರಿಯಾ ಕಾರ್ಖಾನೆಗಳು ಭಾರೀ ಒತ್ತಡ, 400 ಡಿಗ್ರಿ ಮೀರಿದ ಕಾವು ಇಟ್ಟು ಮಾಡುವ ಈ ಬಿಡುಗಡೆಯನ್ನು, ಗದಗ ಸೀಮೆಯ ಮುಂಗಾರಿ ಹೆಸರುಕಾಳಿನ ಬೆಳೆಯ ಬೇರುಗಂಟಿನೊಳಗಿನ ಬ್ಯಾಕ್ಟೀರಿಯಾಗಳು ಹೊಲದ ಮಣ್ಣಿನ ಕಾವಿನಲ್ಲೇ ಮಾಡಿ ಮುಗಿಸುತ್ತವೆ. ನನಗೆ ಇದು ಈಗಲೂ ಬೆರಗು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಲೇಬೇಕು. ಕಾಲೇಜು ಮುಗಿಸಿದವರಲ್ಲೂ ಇದು ಇದೆ. ಬಂಧ ಒಡೆದರೆ ಶಕ್ತಿ ಹೊರಬರುತ್ತದೆ ಎನ್ನುತ್ತಾರೆ. ತಲೆಕೆಳಗಾದ ಮಾತು. ಬಂಧ ಒಡೆಯುವುದು ಯಾವಾಗಲೂ ಖರ್ಚು, ಕಟ್ಟುವುದು ಯಾವಾಗಲೂ ಜಮಾ. ಹುಬ್ಬಳ್ಳಿ-ಧಾರವಾಡದ ಕೆಲವು ಬಡಾವಣೆಗಳಿಗೆ ಪೈಪಿನಲ್ಲಿ ಬರುವ ಅಡುಗೆ ಅನಿಲ ಮುಖ್ಯವಾಗಿ ಮೀಥೇನ್. ಒಂದು ಮೋಲ್ ಮೀಥೇನ್ ಮತ್ತು ಅದಕ್ಕೆ ಬೇಕಾದ ಆಮ್ಲಜನಕದ ಬಂಧಗಳನ್ನೆಲ್ಲ ಒಡೆಯಲು ಸುಮಾರು 2,650 ಕಿಲೋಜೂಲ್ ಬೇಕು. ಅದೇ ಪರಮಾಣುಗಳು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಕಟ್ಟಿಕೊಂಡಾಗ ಬರುವುದು ಸುಮಾರು 3,450. ಉಳಿದ 800ರಲ್ಲಿ ನಿಮ್ಮ ಅನ್ನ ಬೇಯುತ್ತದೆ. ಲೈಟರಿನ ಕಿಡಿ ಬೇಕಾಗುವುದು ಏಕೆಂದರೆ ಮೊದಲ ಖರ್ಚಿಗೆ ಯಾರಾದರೂ ಕೈಗಡ ಕೊಡಬೇಕಲ್ಲ. ಆಮೇಲೆ ಉರಿ ತನ್ನ ಲಾಭದಲ್ಲೇ ಮುಂದಿನದನ್ನು ಒಡೆಯುತ್ತ ಹೋಗುತ್ತದೆ.

ಇಷ್ಟು ಹೇಳಿದ ಮೇಲೆ ಮಕ್ಕಳು ಕೇಳುವುದು ಒಂದೇ: ಇದು ಅಯಾನಿಕವೋ ಸಹವೇಲೆನ್ಸಿಯವೋ, ಪರೀಕ್ಷೆಯಲ್ಲಿ ಏನು ಬರೆಯಬೇಕು? ನಾನು ಅವರನ್ನು ಕೇಳುತ್ತೇನೆ, ಹುಬ್ಬಳ್ಳಿ ಎಲ್ಲಿ ಮುಗಿದು ಧಾರವಾಡ ಎಲ್ಲಿ ಶುರುವಾಗುತ್ತದೆ? ಉಣಕಲ್ ದಾಟಿದರೆ ನವನಗರ, ರಾಯಾಪುರ, ಸತ್ತೂರು. ಎರಡು ಊರುಗಳ ನಡುವೆ ಸುಮಾರು 20 ಕಿಲೋಮೀಟರ್, ಆದರೆ ಇದೇ ಗಡಿ ಎಂದು ಬೆರಳಿಟ್ಟು ತೋರಿಸುವಂಥ ಜಾಗ ಕಣ್ಣಿಗೆ ಕಾಣುವುದಿಲ್ಲ. ಬಂಧಗಳೂ ಹಾಗೇ. ಎಲೆಕ್ಟ್ರಾನ್ ಜೋಡಿಯನ್ನು ತನ್ನ ಕಡೆ ಜಗ್ಗುವ ಬಲಕ್ಕೆ ವಿದ್ಯುದೃಣತೆ ಎಂದು ಹೆಸರು. ಲೈನಸ್ ಪೌಲಿಂಗ್ 1932ರಲ್ಲಿ ಇದಕ್ಕೊಂದು ಅಳತೆಗೋಲು ಮಾಡಿದರು. ಇಂದು ಬಳಸುವ ಅಂಕಿಗಳಲ್ಲಿ ಫ್ಲೋರಿನ್ 3.98, ಆಮ್ಲಜನಕ 3.44, ಕ್ಲೋರಿನ್ 3.16, ಇಂಗಾಲ 2.55, ಹೈಡ್ರೋಜನ್ 2.20, ಸೋಡಿಯಂ 0.93. ಎರಡು ಹೈಡ್ರೋಜನ್‌ಗಳ ನಡುವೆ ಅಂತರ ಸೊನ್ನೆ, ಹಂಚಿಕೆ ಸಮಪಾಲು. ಹೈಡ್ರೋಜನ್-ಕ್ಲೋರಿನ್ ನಡುವೆ 0.96, ಜೋಡಿ ಕ್ಲೋರಿನ್ ಕಡೆ ವಾಲಿರುತ್ತದೆ. ಸೋಡಿಯಂ-ಕ್ಲೋರಿನ್ ನಡುವೆ 2.23, ಜೋಡಿ ಹೆಚ್ಚು ಕಡಿಮೆ ಪೂರ್ತಿ ಕ್ಲೋರಿನ್ ಮನೆ ಸೇರಿದೆ. ಅಂತರ 1.7 ದಾಟಿದರೆ ಅಯಾನಿಕ ಎಂದು ಬರೆಯಿರಿ, ಅಂಕ ಸಿಗುತ್ತದೆ. ಆದರೆ ಅದು ರಸ್ತೆ ಬದಿ ನೆಟ್ಟ ಹಲಗೆ ಎಂಬುದು ತಿಳಿದಿರಲಿ.

ನೀರು ನಡುದಾರಿಯಲ್ಲಿ ನಿಂತಿದೆ. ಆಮ್ಲಜನಕ ಜೋಡಿಯನ್ನು ತನ್ನ ಕಡೆ ಜಗ್ಗುವುದರಿಂದ ಅದರ ಕಡೆ ಸ್ವಲ್ಪ ಋಣ, ಹೈಡ್ರೋಜನ್‌ಗಳ ಕಡೆ ಸ್ವಲ್ಪ ಧನ. ಅಣು ನೆಟ್ಟಗೂ ಇಲ್ಲ, 104.5 ಡಿಗ್ರಿ ಕೋನದಲ್ಲಿ ಬಾಗಿದೆ. ಒಂದು ಅಣುವಿನ ಹೈಡ್ರೋಜನ್ ಪಕ್ಕದ ಅಣುವಿನ ಆಮ್ಲಜನಕಕ್ಕೆ ಜೋತು ಬೀಳುತ್ತದೆ. ಇದೇ ಹೈಡ್ರೋಜನ್ ಬಂಧ. ಅಣುವಿನೊಳಗಿನ ಬಂಧ 463 ಕಿಲೋಜೂಲ್ ಆದರೆ ಇದು ಇಪ್ಪತ್ತರ ಆಸುಪಾಸು. ಆದರೂ ಈ ಚಿಲ್ಲರೆ ಬಂಧ ಇಲ್ಲದಿದ್ದರೆ ಉಣಕಲ್ ಕೆರೆ ಎಂದೋ ಆವಿಯಾಗಿರುತ್ತಿತ್ತು. ನೀರಿನ ಹತ್ತಿರದ ಬಂಧು ಹೈಡ್ರೋಜನ್ ಸಲ್ಫೈಡ್ ನೀರಿಗಿಂತ ಭಾರವಾಗಿದ್ದರೂ ಸೊನ್ನೆಗಿಂತ ಕೆಳಗೆ 60 ಡಿಗ್ರಿಯಲ್ಲೇ ಕುದಿದು ಅನಿಲವಾಗುತ್ತದೆ. ಬೇಸಗೆಯಲ್ಲಿ ಮಣ್ಣಿನ ಗಡಿಗೆಯ ನೀರು ತಣ್ಣಗಾಗುವುದೂ ಇದರಿಂದಲೇ. ಗಡಿಗೆಯ ಮೈಯಲ್ಲಿ ಜಿನುಗಿದ ನೀರು ಆವಿಯಾಗಬೇಕಾದರೆ ಈ ಜೋತುಬಿದ್ದ ಕೈಗಳನ್ನೆಲ್ಲ ಬಿಡಿಸಿಕೊಳ್ಳಬೇಕು. ಒಂದು ಕಿಲೋ ನೀರಿಗೆ ಎರಡು ಸಾವಿರ ಕಿಲೋಜೂಲಿಗೂ ಮೇಲ್ಪಟ್ಟು ಖರ್ಚು. ಆ ಖರ್ಚು ಒಳಗೆ ಉಳಿದ ನೀರಿನ ಕಾವಿನಿಂದ ಹೋಗುತ್ತದೆ.

ಬೆಟಗೇರಿಯ ಕೈಮಗ್ಗದ ಹತ್ತಿ ಬಟ್ಟೆಗೂ ಇದೇ ಬಂಧ. ಹತ್ತಿಯ ಎಳೆ ಸೆಲ್ಯುಲೋಸ್. ಉದ್ದುದ್ದ ಸರಪಳಿಗಳು ಪಕ್ಕಪಕ್ಕದಲ್ಲಿ ಹೈಡ್ರೋಜನ್ ಬಂಧದಿಂದ ಹಿಡಿದುಕೊಂಡಿರುತ್ತವೆ. ಕುಳಿತಲ್ಲಿ ಮಡಚಿದ ಜಾಗದಲ್ಲಿ ಬಂಧ ಬಿಚ್ಚಿ, ಮಡಚಿದ ಆಕಾರದಲ್ಲೇ ಮತ್ತೆ ಕಟ್ಟಿಕೊಂಡರೆ ಸುಕ್ಕು. ಇಸ್ತ್ರಿ ಮಾಡುವವರು ನೀರು ಚಿಮುಕಿಸುವುದು ಆ ಬಂಧಗಳ ನಡುವೆ ನೀರಿನ ಅಣು ತೂರಿಸಿ ಸಡಿಲಿಸಲಿಕ್ಕೆ.

ಈಗ ಲೋಹ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಇದೆ. ಕಂಬಾರನ ಬಗ್ಗೆ ಇಂಥ ಗಾದೆ ಯಾರೂ ಕಟ್ಟಲಿಲ್ಲ, ಏಕೆಂದರೆ ಕಂಬಾರನ ಕೆಲಸವೇ ಬಡಿಯುವುದು. ಒಂದೇ ಪೆಟ್ಟಿಗೆ ಗಡಿಗೆ ಚೂರಾಗುತ್ತದೆ, ಕಬ್ಬಿಣ ಚಪ್ಪಟೆಯಾಗುತ್ತದೆ. ಉಪ್ಪಿನ ಹರಳಿಗೆ ಹೊಡೆದು ನೋಡಿ, ಅದೂ ಒಡೆಯುತ್ತದೆ: ಪೆಟ್ಟಿಗೆ ಒಂದು ಸಾಲು ಸ್ವಲ್ಪ ಸರಿದರೆ ಸಾಕು, ಧನದ ಎದುರಿಗೆ ಧನ, ಋಣದ ಎದುರಿಗೆ ಋಣ ಬಂದು ಎರಡೂ ಕಡೆಯವು ಒಂದನ್ನೊಂದು ದೂಡಿ ಸೀಳುತ್ತವೆ. ಗಡಿಗೆಯಲ್ಲಿ ಸಿಲಿಕಾನ್-ಆಮ್ಲಜನಕದ ಬಂಧಗಳು ನಿಶ್ಚಿತ ದಿಕ್ಕಿನಲ್ಲೇ ನಿಲ್ಲುವಂಥವು. ಸರಿಯಲು ಅವಕಾಶವಿಲ್ಲದೆ ಮುರಿಯುತ್ತವೆ.

ಲೋಹದಲ್ಲಿ ಪರಮಾಣುಗಳು ತಮ್ಮ ಹೊರಗಿನ ಎಲೆಕ್ಟ್ರಾನ್‌ಗಳನ್ನು ಒಬ್ಬರಿಗೆ ಕೊಡುವುದೂ ಇಲ್ಲ, ಪಕ್ಕದವರ ಜೊತೆ ಮಾತ್ರ ಹಂಚಿಕೊಳ್ಳುವುದೂ ಇಲ್ಲ. ಊರಿಗೇ ಬಿಟ್ಟುಬಿಡುತ್ತವೆ. ನಮ್ಮ ಕಡೆ ಊರಿನ ದನ ಮೇಯಲು ಬಿಟ್ಟ ಗಾಯರಾಣ ಭೂಮಿ ಇರುತ್ತದಲ್ಲ, ಅದರಲ್ಲಿ ಯಾವ ದನ ಎಲ್ಲಿ ಬೇಕಾದರೂ ಅಡ್ಡಾಡಬಹುದು. ಹಾಗೆ ಎಲೆಕ್ಟ್ರಾನ್‌ಗಳು ಇಡೀ ಲೋಹದ ತುಂಬ ಅಡ್ಡಾಡುತ್ತವೆ. ಎಲೆಕ್ಟ್ರಾನ್ ಪತ್ತೆಯಾಗಿ ಮೂರೇ ವರ್ಷಕ್ಕೆ, 1900ರಲ್ಲಿ, ಜರ್ಮನಿಯ ಪೌಲ್ ಡ್ರೂಡ್ ಈ ಚಿತ್ರ ಕೊಟ್ಟರು. ಧನ ಅಯಾನುಗಳ ಸಾಲು ಸರಿದರೂ ಸುತ್ತಲಿನ ಎಲೆಕ್ಟ್ರಾನ್ ಮೋಡ ಅವನ್ನು ಹೊಸ ಜಾಗದಲ್ಲೂ ಹಿಡಿದುಕೊಳ್ಳುತ್ತದೆ. ಬಂಧ ಮುರಿಯುವುದಿಲ್ಲ, ಜಾಗ ಬದಲಿಸುತ್ತದೆ. ತಂತಿಯಲ್ಲಿ ವಿದ್ಯುತ್ ಹರಿಯುವುದು, ತಾಮ್ರದ ಹಂಡೆ ಬೇಗ ಕಾಯುವುದು, ಲೋಹಕ್ಕೆ ಹೊಳಪು ಇರುವುದು, ಎಲ್ಲ ಆ ಅಡ್ಡಾಡುವ ಎಲೆಕ್ಟ್ರಾನ್‌ಗಳ ಕೆಲಸ.

ಗದಗದ ಕಪ್ಪತಗುಡ್ಡದಲ್ಲಿ ಎರಡು ಲೋಹಗಳ ಸ್ವಭಾವ ಅಕ್ಕಪಕ್ಕ ಕಾಣಸಿಗುತ್ತದೆ. ಗುಡ್ಡದ ಕೆಂಪು ಕಬ್ಬಿಣದ್ದು, ಆಮ್ಲಜನಕದ ಜೊತೆ ಬಿಗಿಯಾಗಿ ಕಟ್ಟಿಕೊಂಡ ಕಬ್ಬಿಣದ್ದು. ಅದನ್ನು ಬಿಡಿಸಿ ಲೋಹ ಮಾಡಬೇಕಾದರೆ ಕುಲುಮೆ, ಇದ್ದಿಲು, ದುಡ್ಡು ಎಲ್ಲ ಸುರಿಯಬೇಕು. ಮಾಡಿಟ್ಟ ಮೇಲೂ ಒಂದು ಮಳೆಗಾಲ ಹೊರಗಿಟ್ಟರೆ ಮತ್ತೆ ಆಮ್ಲಜನಕದ ಕಡೆ ಹೊರಡುತ್ತದೆ, ತುಕ್ಕಾಗಿ. ಅದೇ ಗುಡ್ಡದಲ್ಲಿ ಹಿಂದೆ ಚಿನ್ನವನ್ನೂ ಅಗೆದಿದ್ದಾರೆ. ಚಿನ್ನ ತನ್ನ ಎಲೆಕ್ಟ್ರಾನ್‌ಗಳನ್ನು ಹೊರಗಿನವರಿಗೆ ಸುಲಭಕ್ಕೆ ಬಿಡುವುದಿಲ್ಲ. ಆಮ್ಲಜನಕದ ಜೊತೆ ಕೂಡಿದರೆ ಅದರ ಜಮಾ-ಖರ್ಚು ಲಾಭಕ್ಕೆ ಬರುವುದಿಲ್ಲ. ಹೀಗಾಗಿ ಬಿಳಿಗಲ್ಲಿನ ಸಂದುಗಳಲ್ಲಿ ಚಿನ್ನವಾಗಿಯೇ ಸಿಗುತ್ತದೆ. ಪತ್ತಾರರು ಚಿನ್ನ ಬಡಿಯುತ್ತ ನಡುನಡುವೆ ಬೆಂಕಿಗೆ ಹಿಡಿಯುವುದನ್ನು ನೋಡಿರುತ್ತೀರಿ. ಬಡಿದಂತೆ ಪರಮಾಣು ಸಾಲುಗಳು ಒಂದರಲ್ಲೊಂದು ಸಿಕ್ಕಿಕೊಂಡು ಗಡುಸಾಗುತ್ತವೆ. ಕಾಯಿಸಿದರೆ ಸಿಕ್ಕು ಬಿಡಿಸಿಕೊಂಡು ಮತ್ತೆ ಮೆತ್ತಗಾಗುತ್ತವೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಉದಾಹರಣೆ ಲಕ್ಕುಂಡಿ. ಬಾದಾಮಿ, ಐಹೊಳೆಯ ಗುಡಿಗಳು ಮರಳುಗಲ್ಲಿನವು. ಲಕ್ಕುಂಡಿಯ ಕಾಶಿವಿಶ್ವನಾಥ ಗುಡಿಯ ಬಾಗಿಲವಾಡದ ಮುಂದೆ ನಿಂತರೆ, ಕಲ್ಲನ್ನು ಮರದಂತೆ ಕೊರೆದಿದ್ದಾರೆ ಅನಿಸುತ್ತದೆ. ಅದು ಬಳಪದ ಕಲ್ಲಿನ ಜಾತಿಗೆ ಸೇರಿದ್ದು. ಎರಡೂ ಕಲ್ಲುಗಳಲ್ಲಿ ಮುಖ್ಯ ಬಂಧ ಒಂದೇ, ಸಿಲಿಕಾನ್ ಮತ್ತು ಆಮ್ಲಜನಕದ್ದು, ಬಹಳ ಗಟ್ಟಿಯಾದದ್ದು. ವ್ಯತ್ಯಾಸ ಇರುವುದು ಕಟ್ಟಡದಲ್ಲಿ. ಮರಳಿನ ಕಣದಲ್ಲಿ ಈ ಬಂಧ ಎಲ್ಲ ದಿಕ್ಕಿಗೂ ಹಬ್ಬಿದೆ; ಎಲ್ಲಿ ಉಳಿ ಇಟ್ಟರೂ ಗಟ್ಟಿ ಬಂಧವನ್ನೇ ಮುರಿಯಬೇಕು. ಬಳಪದ ಕಲ್ಲಿನಲ್ಲಿ ಅದು ಹಾಳೆ ಹಾಳೆಯಾಗಿ ಹಬ್ಬಿದೆ. ಹಾಳೆಯೊಳಗೆ ಬಿಗಿ, ಹಾಳೆ-ಹಾಳೆಗಳ ನಡುವೆ ಸಡಿಲು. ಬಳಪದ ಖನಿಜವಾದ ಟಾಲ್ಕ್‌ನಲ್ಲಂತೂ ಹಾಳೆಗಳ ನಡುವೆ ಇರುವುದು ವಾನ್ ಡರ್ ವಾಲ್ಸ್ ಎಂಬ ಅತಿ ಸಣ್ಣ ಸೆಳೆತ ಮಾತ್ರ. ಎಲೆಕ್ಟ್ರಾನ್ ಮೋಡ ಕ್ಷಣಕ್ಕೊಮ್ಮೆ ಅತ್ತಿತ್ತ ವಾಲಿದಾಗ ಹುಟ್ಟುವ ಈ ಸೆಳೆತದಿಂದಲೇ ಹಲ್ಲಿ ಗೋಡೆಗೆ ಅಂಟಿಕೊಂಡು ಓಡಾಡುತ್ತದೆ. ಗಡುಸುತನದ ಅಳತೆಯಲ್ಲಿ ಮರಳಿನ ಕಣಕ್ಕೆ 7, ಟಾಲ್ಕ್‌ಗೆ 1, ಉಗುರಿನಿಂದ ಗೀರಬಹುದು. ಸಾವಿರ ವರ್ಷದ ಹಿಂದೆ ಈ ಸೀಮೆಯ ಶಿಲ್ಪಿಗಳಿಗೆ ಸಿಲಿಕಾನ್ ಗೊತ್ತಿರಲಿಲ್ಲ. ಯಾವ ಕಲ್ಲಿನಲ್ಲಿ ಉಳಿ ಮಾತು ಕೇಳುತ್ತದೆ ಎಂಬುದು ಅವರ ಕೈಗೆ ಗೊತ್ತಿತ್ತು.

ನವಲಗುಂದ, ನರಗುಂದದ ಎರಿ ಹೊಲಗಳೂ ಇದೇ ಹಾಳೆಯ ಕಥೆ. ಎರೆಮಣ್ಣಿನ ಜೇಡಿ ಕೂಡ ಸಿಲಿಕಾನ್-ಆಮ್ಲಜನಕ-ಅಲ್ಯೂಮಿನಿಯಂ ಹಾಳೆಗಳೇ, ಆದರೆ ಹಾಳೆಗಳಿಗೆ ಸ್ವಲ್ಪ ಋಣ ಆವೇಶ ಇದೆ. ನಡುವೆ ಕ್ಯಾಲ್ಸಿಯಂ, ಸೋಡಿಯಂ ಅಯಾನುಗಳು ಕುಳಿತು ಸಡಿಲವಾಗಿ ಹಿಡಿದಿರುತ್ತವೆ. ಮಳೆ ಬಿದ್ದಾಗ ನೀರಿನ ಅಣುಗಳು ಆ ಅಯಾನುಗಳನ್ನು ಸುತ್ತುವರಿಯಲು ಹಾಳೆಗಳ ನಡುವೆ ನುಗ್ಗುತ್ತವೆ, ಮಣ್ಣು ಉಬ್ಬುತ್ತದೆ, ಕಾಲಿಟ್ಟರೆ ಚಪ್ಪಲಿ ಹೊರಬರುವುದಿಲ್ಲ. ಬೇಸಗೆಯಲ್ಲಿ ನೀರು ಹೋಗಿ ಹಾಳೆಗಳು ಹತ್ತಿರ ಸೇರುತ್ತವೆ, ಮಣ್ಣು ಕುಗ್ಗುತ್ತದೆ, ಹೊಲ ಬಾಯಿ ಬಿಡುತ್ತದೆ. ಬೆಳೆ ನಿಂತಿರುವಾಗ ರೈತರು ಮತ್ತೆ ಮತ್ತೆ ಎಡೆ ಹೊಡೆದು ಆ ಬಿರುಕು ಮುಚ್ಚುವುದು ಒಳಗಿನ ಹಸಿ ಹೊರಗೆ ಹೋಗದಿರಲಿ ಎಂದು.

ಹಾವೇರಿ ಜಿಲ್ಲೆಗೆ ಬಂದರೆ ಬ್ಯಾಡಗಿಯ ಮೆಣಸಿನಕಾಯಿ. ಅದರ ಹೆಸರು ಖಾರಕ್ಕಲ್ಲ, ಬಣ್ಣಕ್ಕೆ. ಆ ಕೆಂಪಿಗೆ ಮುಖ್ಯ ಕಾರಣ ಕ್ಯಾಪ್ಸಾಂಥಿನ್ ಎಂಬ ಉದ್ದನೆಯ ಅಣು. ಅದರಲ್ಲಿ ಇಂಗಾಲಗಳ ನಡುವೆ ಒಂದು ಏಕಬಂಧ, ಒಂದು ದ್ವಿಬಂಧ ಹೀಗೆ ಸಾಲಾಗಿ ಬರುತ್ತವೆ. ಇಂಥ ಸಾಲಿನಲ್ಲಿ ದ್ವಿಬಂಧದ ಎಲೆಕ್ಟ್ರಾನ್‌ಗಳು ಒಂದೆಡೆ ನಿಲ್ಲದೆ ಉದ್ದಕ್ಕೂ ಹರಡಿಕೊಳ್ಳುತ್ತವೆ. ಹಾಗೆ ಹರಡಿದಷ್ಟೂ ಕಡಿಮೆ ಶಕ್ತಿಯ ಬೆಳಕು ಅವಕ್ಕೆ ಸಾಕು. ಈ ಅಣು ಬಿಸಿಲಿನ ನೀಲಿ-ಹಸಿರನ್ನು ಹೀರಿಕೊಂಡು ಕೆಂಪನ್ನು ನಮಗೆ ಬಿಡುತ್ತದೆ. ಬೆಳಕು ಮತ್ತು ಆಮ್ಲಜನಕ ಆ ಸಾಲನ್ನು ನಡುವೆ ಎಲ್ಲೇ ತುಂಡರಿಸಿದರೂ ಕೆಂಪು ಮಾಸುತ್ತದೆ. ಬ್ಯಾಡಗಿಯ ಸುತ್ತ ಶೀತಲಗೃಹಗಳು ಎದ್ದದ್ದು ಇದಕ್ಕೇ. ಅಣುವಿನ ಮೈಯೆಲ್ಲ ಇಂಗಾಲ-ಹೈಡ್ರೋಜನ್, ವಿದ್ಯುದೃಣತೆಯ ಅಂತರ 0.35 ಮಾತ್ರ. ನೀರಿಗೆ ಜೋತು ಬೀಳಲು ಅಲ್ಲಿ ಹಿಡಿಕೆಗಳೇ ಕಡಿಮೆ. ಅದಕ್ಕೇ ಬಣ್ಣ ಒಗ್ಗರಣೆಯ ಎಣ್ಣೆಯಲ್ಲಿ ಬಿಡುತ್ತದೆ, ನೀರಿನಲ್ಲಿ ಬಿಡುವುದಿಲ್ಲ. ಖಾರದ ಅಣುವೂ ಎಣ್ಣೆಯ ಕಡೆಯದೇ. ಮಿರ್ಚಿ ಭಜಿ ತಿಂದು ಬಾಯಿ ಉರಿದರೆ ನೀರಿಗಿಂತ ಮಜ್ಜಿಗೆ ಒಳ್ಳೆಯದು.

ಕಡೆಯದಾಗಿ ಮುಂಡರಗಿಯ ನೀರು. ಇದನ್ನು ಬರೆಯದೆ ಮುಗಿಸಲು ನನಗೆ ಮನಸ್ಸಿಲ್ಲ. ಆ ತಾಲ್ಲೂಕಿನ ಅನೇಕ ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ನಮ್ಮ ದೇಶದ ಮಾನಕ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5. ಹಲ್ಲು ಮತ್ತು ಮೂಳೆಯ ಖನಿಜ ಕ್ಯಾಲ್ಸಿಯಂ ಹಾಗೂ ಫಾಸ್ಫೇಟ್ ಅಯಾನುಗಳ ಹರಳು. ಫಾಸ್ಫೇಟಿನೊಳಗೆ ರಂಜಕ-ಆಮ್ಲಜನಕ ಹಂಚಿಕೊಂಡ ಬಂಧ, ಫಾಸ್ಫೇಟಿಗೂ ಕ್ಯಾಲ್ಸಿಯಮ್‌ಗೂ ಅಯಾನಿಕ ಬಂಧ. ಒಂದೇ ಹರಳಿನಲ್ಲಿ ಎರಡೂ. ಆ ಹರಳಿನಲ್ಲಿ ಹೈಡ್ರಾಕ್ಸೈಡ್ ಅಯಾನು ಕೂರುವ ಜಾಗವಿದೆ. ಫ್ಲೋರೈಡಿನ ಗಾತ್ರ ಹೆಚ್ಚು ಕಡಿಮೆ ಅಷ್ಟೇ, ಆವೇಶವೂ ಅಷ್ಟೇ. ಅದು ಆ ಜಾಗಕ್ಕೆ ಬಂದು ಇನ್ನೂ ಬಿಗಿಯಾಗಿ ಕುಳಿತುಬಿಡುತ್ತದೆ. ಚೂರು ಇದ್ದರೆ ಹಲ್ಲಿಗೆ ಗಟ್ಟಿತನ. ವರ್ಷಗಟ್ಟಲೆ ಹೆಚ್ಚಾದರೆ ಮಕ್ಕಳ ಹಲ್ಲು ಕಂದಾಗಿ ತೂತು ಬೀಳುತ್ತವೆ, ದೊಡ್ಡವರ ಮೂಳೆ-ಕೀಲುಗಳು ಬಿಗಿದು ಬೆನ್ನು ಬಾಗುತ್ತದೆ.

"ಕುದಿಸಿ ಕುಡದ್ರ ಆತಲ್ರಿ" ಎಂದು ಅಲ್ಲಿಯ ಹಿರಿಯರೊಬ್ಬರು ನನಗೆ ಹೇಳಿದ್ದರು. ಆಗುವುದಿಲ್ಲ ಅಜ್ಜಾರ. ಕುದಿಸಿದರೆ ಹುಳ-ಹುಪ್ಪಡಿ, ರೋಗಾಣು ಸಾಯುತ್ತವೆ. ಫ್ಲೋರೈಡ್ ಅಯಾನು; ಅದನ್ನು ನೀರಿನ ಅಣುಗಳು ಸುತ್ತಲೂ ಹೈಡ್ರೋಜನ್ ಮುಂದೆ ಮಾಡಿ ಗಟ್ಟಿಯಾಗಿ ಹಿಡಿದಿರುತ್ತವೆ. ಆವಿಯ ಜೊತೆ ಅದು ಏಳುವುದಿಲ್ಲ. ನೀರಷ್ಟೇ ಆವಿಯಾಗಿ ಹೋಗಿ, ಪಾತ್ರೆಯಲ್ಲಿ ಉಳಿದ ನೀರಿನಲ್ಲಿ ಫ್ಲೋರೈಡಿನ ಪ್ರಮಾಣ ಮೊದಲಿಗಿಂತ ಏರುತ್ತದೆ. ಅದನ್ನು ತೆಗೆಯಬೇಕಾದರೆ ಅದಕ್ಕೆ ನೀರಿಗಿಂತ ಒಳ್ಳೆಯ ಹಿಡಿತ ಕೊಡುವಂಥದ್ದು ಬೇಕು: ಅಲ್ಯೂಮಿನಿಯಂ ಆಕ್ಸೈಡಿನ ಕಣಗಳ ಮೇಲೆ ಹಾಯಿಸಿದರೆ ಫ್ಲೋರೈಡ್ ನೀರನ್ನು ಬಿಟ್ಟು ಅಲ್ಯೂಮಿನಿಯಮ್‌ಗೆ ಅಂಟಿಕೊಳ್ಳುತ್ತದೆ. ಆ ಕಣಗಳಿಗೂ ಒಂದು ಮಿತಿ ಇದೆ. ಜಾಗ ತುಂಬಿದ ಮೇಲೆ ತೊಳೆದು ಮತ್ತೆ ಸಜ್ಜು ಮಾಡಬೇಕು, ಇಲ್ಲದಿದ್ದರೆ ಯಂತ್ರ ಓಡುತ್ತಲೇ ಇರುತ್ತದೆ, ಫ್ಲೋರೈಡ್ ಮಾತ್ರ ಕೊಡಕ್ಕೆ ಇಳಿಯುತ್ತಲೇ ಇರುತ್ತದೆ. ಇಲ್ಲವೇ ಚಾವಣಿಯ ಮಳೆನೀರು ಹಿಡಿದಿಟ್ಟು ಕುಡಿಯಬೇಕು. ಅದು ಕಲ್ಲಿನ ಒಳಗೆ ಹಾದು ಬಂದದ್ದಲ್ಲ; ಅದರಲ್ಲಿ ಫ್ಲೋರೈಡ್ ಸೇರಿಕೊಳ್ಳುವುದಕ್ಕೆ ಸಮಯವೇ ಸಿಕ್ಕಿರುವುದಿಲ್ಲ.